ಪಂಕಜಾಕ್ಷಿಯ ಕೈಯಡುಗೆ

ಶಿವನಿಯ ಉಚ್ಚಂಗಮ್ಮನಿಗೆ ಸೊಸೆ ಪಂಕಜಾಕ್ಷಿಯೆಂದರೆ ಮೊದಲಿಂದಲೂ ಅಷ್ಟಕ್ಕಷ್ಟೆ. ತರೀಕೆರೆ ಕಡೆಯ ಹುಡುಗಿ, ಮಾತು ಕಡಿಮೆ. ಮಾತಾಡದವಳ ಹೊಟ್ಟೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು ಎಂಬುದು ಅತ್ತೆಯ ವಾದ.

ಎಪ್ಪತ್ತೆಂಟನೇ ಇಸವಿಯಲ್ಲಿ ದೇಶದೇಶ ಸುತ್ತಿದ ಫ್ಲೂ ಜ್ವರ ಶಿವನಿಗೂ ಬಂತು. ಊರೆಲ್ಲ ಮಲಗಿ ಎದ್ದಿತು. ದಮ್ಮಿನ ಕಾಯಿಲೆಯ ಉಚ್ಚಂಗಮ್ಮ ಮಾತ್ರ ಹಾಸಿಗೆ ಬಿಟ್ಟು ಏಳಲಿಲ್ಲ. ಅಜ್ಜಂಪುರದ ಡಾಕ್ಟರು ಒಂದು ವಾರಕ್ಕೆಂದು ಕೊಟ್ಟ ಬಿಳಿ ಮಾತ್ರೆಯಿಂದ ಉಸಿರು ಸಲೀಸಾಯಿತು. ಮುದುಕಿ ಅದನ್ನು ಬಿಡುವುದುಂಟೆ? ಯಾರನ್ನೂ ಕೇಳದೆ ಅಂಗಡಿಯಿಂದ ತರಿಸಿಕೊಂಡು ತಿಂಗಳುಗಟ್ಟಲೆ ನುಂಗಿದಳು. ಮುಖ ದುಂಡಗಾಯಿತು, ಮೈ ತುಂಬಿಕೊಂಡಿದ್ದಾಳೆಂದು ಊರು ಹೊಗಳಿತು.

ಆಮೇಲೆ ತಲೆನೋವು ಶುರುವಾಯಿತು. ಬರಬರುತ್ತಾ ವಾಂತಿ, ಕಣ್ಣು ಮಂಜು, ಏನೇನೋ ಬಡಬಡಿಕೆ. ಪಕ್ಕದ ಮನೆಯ ಕಲ್ಲಮ್ಮ ಪಂಕಜಾಕ್ಷಿಯ ಕಡೆ ಕಣ್ಣು ಹಾಯಿಸಿ ಉಚ್ಚಂಗಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು: "ಇದು ಕಾಯ್ಲೆ ಅಲ್ಲ ಕಣಕ್ಕ. ಅನ್ನದಾಗೆ ಮದ್ದು ಹಾಕವ್ರೆ." ಮದ್ದು ತಿಂದವರು ಸೊರಗಿ ಸಾಯಬೇಕು, ಇಲ್ಲವೇ ಹಾಕಿದವರ ಕೈಗೊಂಬೆಯಾಗಬೇಕು, ಊರಿನ ನಂಬಿಕೆ ಅದು.

ಮದ್ದು ತೆಗೆಯುವವನು ಬಂದ. ಸೊಪ್ಪಿನ ರಸ ಕುಡಿಸಿ ಕಕ್ಕಿಸಿ, ಕರಿಯ ಉಂಡೆಯೊಂದನ್ನು ಎತ್ತಿ ಎಲ್ಲರಿಗೂ ತೋರಿಸಿದ. ಅದು ಅವನ ಬೆರಳಸಂದಿಯಿಂದಲೇ ಜಾರಿದ್ದನ್ನು ಪಂಕಜಾಕ್ಷಿ ಕಂಡಿದ್ದಳು. ಹೇಳಿದರೆ ಕೇಳುವವರು ಯಾರು? ಅವತ್ತಿನಿಂದ ಅವಳು ಕೊಟ್ಟ ನೀರನ್ನೂ ಜನ ಮುಟ್ಟಲಿಲ್ಲ. ಗಂಡ ಓಂಕಾರಮೂರ್ತಿ ಕೂಡ ಮಜ್ಜಿಗೆ ಲೋಟ ಹಿಡಿದು ಒಂದು ಗಳಿಗೆ ತಡೆದ.

ಅತ್ತೆಗೆ ಎಚ್ಚರ ತಪ್ಪಿದ ಮೇಲೆ ರೈಲು ಹತ್ತಿಸಿ ಬೆಂಗಳೂರಿಗೆ ಒಯ್ದರು. ಬೆನ್ನುಮೂಳೆಯ ನೀರು ತೆಗೆದು ನೋಡಿದ ಡಾಕ್ಟರು, "ಮೆದುಳಿಗೆ ಬೂಷ್ಟು ಹಿಡಿದಿದೆ. ಆ ಬಿಳಿ ಮಾತ್ರೆ ತಿಂದು ತಿಂದು ರೋಗ ತಡೆಯೋ ಶಕ್ತಿಯೇ ಹೋಗಿದೆ. ಯಾರೂ ಏನೂ ಹಾಕಿಲ್ಲಮ್ಮ" ಎಂದರು. ಪಂಕಜಾಕ್ಷಿ ಗೋಡೆಗೊರಗಿ ಅತ್ತಳು. ಅತ್ತೆ ಬದುಕಿ ಊರಲ್ಲಿ ಇದನ್ನೇ ಹೇಳಿದರೆ ಸಾಕು, ತನ್ನ ಹೆಸರು ಉಳಿದೀತು. ಆ ಆಸೆಯಿಂದಲೇ ಡ್ರಿಪ್ಪಿನ ಪಕ್ಕ ಕೂತು, ಚಳಿಗೆ ಅದುರುವ ಆ ಮೈಯನ್ನು ಒತ್ತಿ ಹಿಡಿದಳು, ಮಲಮೂತ್ರ ಬಾಚಿದಳು.

ಉಚ್ಚಂಗಮ್ಮ ಬದುಕಿದಳು, ಕಣ್ಣು ಮಾತ್ರ ಹೋಯಿತು. ಊರಿಗೆ ಬಂದವಳೇ ಜಗಲಿಯಲ್ಲಿ ಕೂತು, ನೋಡಲು ಬಂದ ಹೆಂಗಸರೆದುರು ಸಾರಿದಳು: "ನನ್ ಸೊಸೆ ಏನೂ ಹಾಕಿರ್ಲಿಲ್ಲ ಕಣ್ರೇ. ನನ್ ಬುದ್ಧಿಗಿಷ್ಟು ಮಣ್ಣು ಹಾಕ. ಅವ್ಳು ಚಿನ್ನ. ಇನ್ಮೇಲೆ ಅವ್ಳು ಹೇಳ್ದಂಗೆ ಕೇಳ್ಕೊಂಡು ಬಿದ್ದಿರ್ತೀನಿ."

ಒಳಗಿದ್ದ ಪಂಕಜಾಕ್ಷಿಯ ಎದೆ ಹಗುರಾಯಿತು. ಕಾಫಿ ತಟ್ಟೆ ಹಿಡಿದು ಹೊರಗೆ ಬಂದಳು. ಕಲ್ಲಮ್ಮ ಲೋಟಕ್ಕೆ ಕೈ ಚಾಚಲಿಲ್ಲ. ಪಕ್ಕದವಳನ್ನು ತಿವಿದು ಮೆಲ್ಲಗೆ ಅಂದಳು: "ನೋಡ್ದೇನೇ, ಮದ್ದು ಹೆಂಗೆ ಹತ್ತೈತೆ!"