ಊಟದ ಕೈ ಕಡೆ ತಿರುಗಿ

ಊಟಕ್ಕೆ ಕೂತಾಗ ನಮ್ಮ ಮನೆ ಓನರ್ ಎಡಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಳ್ಳುತ್ತಿದ್ದರು. ಬಲಗೈಯಲ್ಲಿ ಮುದ್ದೆ ಮುರಿದು, ಸಾರಿಗೆ ಅದ್ದಿ, ಬೇಗ ಬೇಗ ನುಂಗಿ ಎದ್ದುಬಿಡುತ್ತಿದ್ದರು. ಅವರ ಹೆಂಡತಿ, ನಮ್ಮ ಆಂಟಿಯ ಕೈರುಚಿ ಇಡೀ ಜರಗನಹಳ್ಳಿಗೆ ಗೊತ್ತು. ಮಹಡಿ ಮೇಲೆ ಬಾಡಿಗೆಗಿದ್ದ ನನಗೆ ಭಾನುವಾರದ ಊಟ ಅಲ್ಲೇ. ಅಂಥ ಊಟವನ್ನು ಔಷಧಿಯ ಹಾಗೆ ನುಂಗುವ ಮನುಷ್ಯ, ತಿಂಗಳಿಗೊಮ್ಮೆ ಬ್ಯಾಗು ಹೆಗಲಿಗೇರಿಸಿ ಯಾವುದೋ ಊರಿನ ಯಾವುದೋ ಹೋಟೆಲ್ ಹುಡುಕಿಕೊಂಡು ಹೋಗುತ್ತಿದ್ದರು. ಯಾಕೆಂದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಹೋಗಿಬಂದದ್ದೆಲ್ಲ ಅವರ ವೆಬ್‌ಸೈಟಿಗೆ ಸೇರುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಜೆ.ಪಿ. ನಗರದ ಸೈಬರ್ ಸೆಂಟರಿನಲ್ಲಿ ಕೂತು ಶುರುಮಾಡಿದ್ದು, ಮನೆಗೆ ಕಂಪ್ಯೂಟರ್ ಬಂದ ಮೇಲೂ ಬಿಡಲಿಲ್ಲ. ಓದಿದವರ ಬಾಯಲ್ಲಿ ನೀರೂರುವಂತೆ ಬರೆಯುತ್ತಿದ್ದರು. ದಾರಿ ಹೇಳುವುದು ಮಾತ್ರ ದೇವರಿಗೇ ಪ್ರೀತಿ. ಎಡ, ಬಲ ಎನ್ನುವ ಮಾತೇ ಇಲ್ಲ. "ಬಸ್ ಇಳಿದು ಊಟದ ಕೈ ಕಡೆ ತಿರುಗಿ" ಎಂದು ಬರೆದುಬಿಡುವುದು. ಊಟದ ಕೈ ಎಂದರೆ ಬಲಗೈ ತಾನೆ? ನಂಬಿ ಬಲಕ್ಕೆ ತಿರುಗಿದವರು ಸೈಕಲ್ ಶಾಪಿನ ಮುಂದೆ ನಿಂತು, ಊರಿಗೆ ವಾಪಸಾಗಿ ಬೈದು ಬರೆಯುತ್ತಿದ್ದರು.

"ಎಡಕ್ಕೆ ಅಂತ ತಿದ್ದಿಬಿಡಿ ಅಂಕಲ್," ಎಂದೆ ಒಮ್ಮೆ.

"ನಾನು ಸರಿಯಾಗೇ ಬರ್ದಿದೀನಿ ಕಣಪ್ಪ. ಅವ್ರು ತಪ್ಪಾಗಿ ತಿರುಗಿದ್ರೆ ನಾನೇನ್ ಮಾಡ್ಲಿ?"

ನನಗೆ ತಲೆಬುಡ ಅರ್ಥವಾಗಲಿಲ್ಲ. ಎಡಬಲ ಗೊತ್ತಿಲ್ಲದವರು ಅನ್ನೋಣವೆಂದರೆ, ಸ್ಕೂಟರಿನ ಇಂಡಿಕೇಟರ್ ಎಂದೂ ತಪ್ಪು ಹಾಕಿದವರಲ್ಲ.

ಒಂದು ಸಲ ನನ್ನನ್ನೂ ತಿಪಟೂರಿಗೆ ಕರೆದುಕೊಂಡು ಹೋದರು. ಸಣ್ಣ ಹೋಟೆಲ್. ಗೋಡೆಗೆ ಮುಖಮಾಡಿ ಕೂತು, ಸುತ್ತ ಒಮ್ಮೆ ನೋಡಿ, ಎಡಗೈಯ ಅಂಗಿತೋಳು ಮಡಚಿದರು. ಆ ಕೈಯಲ್ಲೇ ದೋಸೆ ಮುರಿದು, ಚಟ್ನಿ ಬಳಿದು, ಕಣ್ಣು ಮುಚ್ಚಿ ಅಗಿದರು. ಅವರು ಅಷ್ಟು ನಿಧಾನವಾಗಿ, ಅಷ್ಟು ಸುಖವಾಗಿ ತಿಂದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಹುಟ್ಟಿದಾಗಿಂದ ನಂಗೆ ಇದೇ ಊಟದ ಕೈ," ಎಂದರು. "ಚಿಕ್ಕೋನಿದ್ದಾಗ ಎಡಗೈ ಎಲೆಗೆ ಹೋದ್ರೆ ಅಪ್ಪ ಸೌಟಲ್ಲೇ ಬಾರಿಸ್ತಿದ್ರು. ನಂಟ್ರ ಮುಂದೆ ಮಾನ ಹೋಗತ್ತೆ ಅಂತ. ಇಲ್ಲಿ ನನ್ನ ಯಾರ್ ನೋಡ್ತಾರೆ? ನಿಮ್ ಆಂಟಿಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾಳೆ."

ಅವರ ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ತಮ್ಮದೇ ಮನೆಯಲ್ಲಿ ಇವರು ಇನ್ನೂ ಯಾರಿಗೆ ಹೆದರುತ್ತಿದ್ದರೋ ತಿಳಿಯಲಿಲ್ಲ. ಆಂಟಿಗೆ ಮಾತ್ರ ನಾನು ಬಾಯಿ ಬಿಡಲಿಲ್ಲ.

ಮುಂದೆ ಕೆಲವು ವರ್ಷಕ್ಕೆ ಹಾರ್ಟ್ ಅಟ್ಯಾಕ್ ಆಗಿ ಅಂಕಲ್ ಹೋಗಿಬಿಟ್ಟರು. ಹನ್ನೊಂದನೇ ದಿನದ ತಿಥಿಗೆ ಅವರ ಫೋಟೋ ಮುಂದೆ ಎಡೆಗೆಂದು ಬಾಳೆಲೆ ಹಾಕಿದರು. ಎಲೆಯ ತುದಿ ಉಣ್ಣುವವರ ಎಡಕ್ಕೆ, ಅಗಲದ ಭಾಗ ಬಲಗೈಗೆ ಬರುವುದು ವಾಡಿಕೆ. ಬಡಿಸುವ ಮೊದಲು ಆಂಟಿ ಬಗ್ಗಿ ಎಲೆಯನ್ನು ತಿರುಗಿಸಿಟ್ಟರು.

"ಉಲ್ಟಾ ಆಯ್ತಲ್ಲಮ್ಮ!" ಎಂದರು ಓನರ್ ಅವರ ಅಣ್ಣ.

"ಇವತ್ತಾದ್ರೂ ಹೊಟ್ಟೆ ತುಂಬ ತಿನ್ಲಿ ಬಿಡಿ ಭಾವ," ಎಂದು ಆಂಟಿ ಬಡಿಸತೊಡಗಿದರು.

ಯಾವಾಗಿನಿಂದ ಗೊತ್ತಿತ್ತು ಆಂಟಿಗೆ? ಗೊತ್ತಿದ್ದೂ ಯಾಕೆ ಸುಮ್ಮನಿದ್ದರು? ಅಂಕಲ್ ಮರ್ಯಾದೆ ಆಂಟಿ, ಆಂಟಿಯ ಮನಸ್ಸು ಅಂಕಲ್ ಕಾಯುತ್ತ ಕೂತರೇ? ಕೇಳುವ ಧೈರ್ಯ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ. ಈ ಬಗ್ಗೆ ಒಂದೇ ಒಂದು ಮಾತು ಆಡದೆ ಇಬ್ಬರೂ ಅಷ್ಟು ವರ್ಷ ಎದುರುಬದುರು ಕೂತು ಉಂಡರಲ್ಲ.