ಬೊಂಬೆಯವರ ಹಲ್ಲು

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಮರದ ಬೊಂಬೆ ಮಾಡುವವರೊಬ್ಬರಿದ್ದರು. ಯಂತ್ರದಲ್ಲಿ ಗರಗರ ತಿರುಗುವ ಬೊಂಬೆಗೆ ಅವರು ತಾಳೆಗರಿ ಒತ್ತಿ ಹಿಡಿದರೆ ಅದು ಕನ್ನಡಿಯಂತೆ ಮಿಂಚುತ್ತಿತ್ತು. ಹೊಗೆಸೊಪ್ಪು ಜಗಿದ ಅವರ ಹಲ್ಲು ಮಾತ್ರ ಸುಟ್ಟ ಇಟ್ಟಿಗೆಯ ಬಣ್ಣ. ಕುರ್ಚಿ ಮುರಿಯಲಿ, ಹೆಂಡತಿ ಮುನಿಯಲಿ, ಅವರದು ಒಂದೇ ಮಾತು: "ಒಸಿ ಪಾಲೀಸ್ ಕೊಟ್ರೆ ಸರಿ ಹೋಯ್ತದೆ."

ಮಗಳನ್ನು ನೋಡಲು ಮಾಗಡಿಯಿಂದ ಗಂಡಿನವರು ಬರುವುದು ಗೊತ್ತಾದಾಗ ಹೆಂಡತಿ ಗದರಿದರು: "ಆ ಬಾಯಿ ಇಟ್ಕೊಂಡು ಅವ್ರ ಮುಂದೆ ನಗ್ಬ್ಯಾಡಿ!"

ಬೊಂಬೆಯವರು ಬಿಟ್ಟಾರೆಯೇ? ತಾಳೆಗರಿ ತೆಗೆದುಕೊಂಡು ಹಲ್ಲನ್ನೇ ಉಜ್ಜಿದರು. ಕಲೆ ಹೋಗಲಿಲ್ಲ, ತುಟಿ ಊದಿತು. ಕೊನೆಗೆ ಹಲ್ಲಿನ ಡಾಕ್ಟರ ಹತ್ತಿರ ಬೆಳ್ಳಗೆ ಹೊಳೆಯುವಂತೆ ಕ್ಲೀನ್ ಮಾಡಿಸಿಕೊಂಡು ಬಂದರು.

ಗಂಡಿನವರು ಬಂದ ದಿನ ಬೊಂಬೆಯವರು ಕಾಫಿ ಕೊಡುವಾಗಲೂ ನಕ್ಕರು, ಫ್ಯಾನ್ ಹಾಕುವಾಗಲೂ ನಕ್ಕರು. ಸೊಂಟಕ್ಕೆ ಎಲೆಅಡಿಕೆಯ ಸಂಚಿ ಸಿಕ್ಕಿಸಿಕೊಂಡು ಕೂತಿದ್ದ ಹುಡುಗನ ಅಜ್ಜಿ ದಿಟ್ಟಿಸಿ ನೋಡಿ ಮರುಗಿದರು: "ಪಾಪ, ಈ ವಯಸ್ಸಿಗೇ ಹಲ್ಲು ಕಟ್ಟಿಸ್ಕೊಂಡ್ಬುಟ್ರಾ? ನಂದೂ ಸೆಟ್ಟೇ ಕಣಪ್ಪ."

ಬೊಂಬೆಯವರಿಗೆ ಮೈಯೆಲ್ಲ ಉರಿಯಿತು. "ನಂದು ಸ್ವಂತದ್ದು ಕಣವ್ವ!" ಎಂದವರೇ ಎಲೆಅಡಿಕೆಯ ತಟ್ಟೆಯಲ್ಲಿದ್ದ ಇಡೀ ಅಡಿಕೆಯೊಂದನ್ನು ಬಾಯಿಗೆ ಹಾಕಿ ಕಟಕ್ಕೆಂದು ಒಡೆದರು. ಅಜ್ಜಿ ಭೇಷ್ ಎಂದರು. ಹೆಂಡತಿಯ ಮುಖ ಅರಳಿತು.

ಒಡೆದ ಅಡಿಕೆಯನ್ನು ಉಗುಳುವುದುಂಟೇ? ಅಗಿಯುತ್ತಾ ಕೂತರು. ಒಂದು ಎಲೆ ಎತ್ತಿಕೊಂಡು ಸುಣ್ಣ ಸವರಿದರು. ಆಮೇಲೆ ಅಜ್ಜಿಯ ಕಡೆ ಬಾಗಿ ಪಿಸುಗುಟ್ಟಿದರು:

"ಅವ್ವಾ, ನಿಮ್ ಸಂಚೀಲಿ ಒಸಿ ಹೊಗೆಸೊಪ್ಪು ಐತಾ?"