ಅಕ್ಕೋರ ಡಬ್ಬಿಯ ಪುಂಡಿಪಲ್ಯ

ಹೋದ ತಿಂಗಳು ಒಂದು ಬೆಳಿಗ್ಗೆ ರಾಯಚೂರಿನ ನಮ್ಮ ಓಣಿಗೆ ಚಂದ್ರಬಂಡದ ಕಡೆಯ ಗಂಡ ಹೆಂಡತಿ ಟಂಟಂ ಗಾಡಿಯಲ್ಲಿ ಕಾಯಿಪಲ್ಯ ತುಂಬಿಕೊಂಡು ಬಂದಿದ್ದರು. ತಮ್ಮ ಹೊಲದ್ದೇ, ನಸುಕಿನಲ್ಲಿ ಕಿತ್ತದ್ದು ಎಂದರು. ಹೇಳುವ ಅಗತ್ಯವೇ ಇರಲಿಲ್ಲ, ಪುಂಡಿಸೊಪ್ಪಿನ ಬೇರಿಗೆ ಎರೆಮಣ್ಣು ಇನ್ನೂ ಹಸಿಯಾಗಿಯೇ ಅಂಟಿಕೊಂಡಿತ್ತು. ಎರಡು ಕಟ್ಟು ತಂದು ಅಡುಗೆಮನೆಯಲ್ಲಿ ಎಲೆ ಬಿಡಿಸುತ್ತ ಕೂತೆ. ಕೆಂಪು ದಂಟು ಮುರಿದಾಗಲೆಲ್ಲ ಆ ಹುಳಿ ವಾಸನೆ, ಅದರ ಜೊತೆ ಮಣ್ಣಿನ ವಾಸನೆ... ಹತ್ತು ಎಲೆ ಬಿಡಿಸುವಷ್ಟರಲ್ಲಿ ಕೈ ನಿಂತುಹೋಯಿತು. ಪೇಟೆಯಲ್ಲಿ ಸಿಗುವ ಸೊಪ್ಪು ತೊಳೆದು, ನೀರು ಚಿಮುಕಿಸಿ ಇಟ್ಟದ್ದು. ಅದಕ್ಕೆ ಈ ವಾಸನೆ ಇರುವುದಿಲ್ಲ. ಇದು ದೇವದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕೋರ ಚೀಲದ ವಾಸನೆ.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು. ಇಡೀ ಓಣಿ ಅವರನ್ನು ಹಾಗೇ ಕರೆಯುತ್ತಿತ್ತು, ನಾನೂ ಕರೆದೆ. ನನಗಾಗ ಇಪ್ಪತ್ತಮೂರು ವರ್ಷ, ಮದುವೆಯಾಗಿ ಮೂರು ತಿಂಗಳು. ನಮ್ಮ ಮನೆಯವರಿಗೆ ನೀರಾವರಿ ಇಲಾಖೆಯಲ್ಲಿ ಕೆಲಸ, ದೇವದುರ್ಗಕ್ಕೆ ವರ್ಗವಾಗಿತ್ತು. ಒಬ್ಬರೇ ಮಾಲೀಕರ ಎರಡು ಮನೆ, ನಡುವೆ ಒಂದೇ ಗೋಡೆ, ಹಿತ್ತಲಲ್ಲಿ ಸೊಂಟದೆತ್ತರದ ಕಟ್ಟೆ. ಆ ಕಡೆ ಅಕ್ಕೋರು, ಅವರ ಯಜಮಾನರು, ಹತ್ತು ವರ್ಷದ ಮಗಳು. ಈ ಕಡೆ ನಾವಿಬ್ಬರು.

ನನಗೆ ಅಡುಗೆ ಬರುತ್ತಿರಲಿಲ್ಲ. ರಾಯಚೂರಿನ ಅಕ್ಕಿ ವ್ಯಾಪಾರದ ಮನೆಯಲ್ಲಿ ಹುಟ್ಟಿದವಳು, ಬಿ.ಎ. ಓದಿದವಳು. ಅಡುಗೆ ಏನು ಮಹಾ ಅಂದುಕೊಂಡು ಬಂದಿದ್ದೆ. ಮೊದಲ ವಾರವೇ ಬದನೆಕಾಯಿ ಹೊತ್ತಿಸಿ ಹೊಗೆ ಎಬ್ಬಿಸಿದಾಗ ಕಟ್ಟೆಯ ಆಚೆಯಿಂದ ಅಕ್ಕೋರು ಇಣುಕಿದರು.

"ತಂಗಿ, ಉರಿ ಸಣ್ಣ ಮಾಡವ್ವ ಮೊದಲ. ಬದನಿಕಾಯಿ ಏನ್ ಓಡಿ ಹೋಗಾಂಗಿಲ್ಲ."

ನಮ್ಮ ಪರಿಚಯವಾದದ್ದು ಹೀಗೆ. ಅವರ ತವರು ಮಸರಕಲ್. ಅಲ್ಲಿ ಅಣ್ಣನಿಗೆ ಒಂದಿಷ್ಟು ಹೊಲ, ಬಾವಿಯ ನೀರಿನ ಮೇಲೆ ಕಾಯಿಪಲ್ಯ ಬೆಳೆಯುತ್ತಿದ್ದ. ಅಕ್ಕೋರು ಭಾನುವಾರ ಮುಂಜಾನೆಯ ಬಸ್ಸಿಗೆ ಹೋಗಿ ಮಧ್ಯಾಹ್ನದೊಳಗೆ ಎರಡು ಚೀಲ ತುಂಬಿಕೊಂಡು ಬರುತ್ತಿದ್ದರು. ಹೀರೇಕಾಯಿ, ಚವಳೀಕಾಯಿ, ಮೆಂತ್ಯೆ, ಪುಂಡಿಸೊಪ್ಪು, ಮುಳ್ಳು ಚುಚ್ಚುವಷ್ಟು ಎಳೆಯ ಬದನೆಕಾಯಿ. ಒಂದು ಚೀಲ ಅವರಿಗೆ, ಅರ್ಧ ಚೀಲ ಕಟ್ಟೆಯ ಮೇಲಿಂದ ನನಗೆ. ಉಳಿದದ್ದು ಓಣಿಯವರಿಗೆ. ಎಂದೂ ಬೆಲೆಯ ಮಾತು ಬರಲಿಲ್ಲ.

ಕೊಟ್ಟು ಸುಮ್ಮನಾಗುತ್ತಿರಲಿಲ್ಲ, ಮಾಡುವುದನ್ನೂ ಕಲಿಸುತ್ತಿದ್ದರು. ಪುಂಡಿಸೊಪ್ಪನ್ನು ಒಂದು ಕುದಿ ಕುದಿಸಿ ನೀರು ಬಸಿಯಬೇಕು, ಇಲ್ಲದಿದ್ದರೆ ಹುಳಿ ಹಲ್ಲಿಗೆ ಏರುತ್ತದೆ. ಆಮೇಲೆ ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಮೆತ್ತಗೆ ಬೇಯಿಸಿ ಕಡೆಯಬೇಕು. ಒಗ್ಗರಣೆಗೆ ಬೆಳ್ಳುಳ್ಳಿ ಕೈ ಬಿಗಿಹಿಡಿಯದೆ ಹಾಕಬೇಕು, ಅದು ಕೆಂಪಗಾಗುವ ತನಕ ಅವಸರ ಮಾಡಬಾರದು. ಇದನ್ನೆಲ್ಲ ಅವರು ನನ್ನ ಅಡುಗೆಮನೆಯ ಬಾಗಿಲಿನ ಹೊರಗೆ ನಿಂತು ಹೇಳುತ್ತಿದ್ದರು. ಒಳಗೆ ಬರಬೇಡಿ ಎಂದು ನಾನು ಎಂದೂ ಹೇಳಿರಲಿಲ್ಲ. ಬರ್ರಿ ಅಂತಲೂ ಹೇಳಲಿಲ್ಲ. ರುಚಿ ನೋಡಲು ಅಂಗೈ ಚಾಚಿದರೆ ಸೌಟಿನಿಂದ ಅದರ ಮೇಲೆ ಹಾಕುತ್ತಿದ್ದೆ. ತಟ್ಟೆ ಕೊಡುವ ಪ್ರಶ್ನೆಯೇ ಬರಲಿಲ್ಲವಲ್ಲ ಎಂದು ಒಳಗೊಳಗೇ ನಿರಾಳವಾಗುತ್ತಿತ್ತು.

ಯಾಕೆ ಎಂದು ಹೇಳಿಬಿಡುತ್ತೇನೆ. ನಾವು ಆ ಮನೆಗೆ ಬಂದ ಮೂರನೆಯ ದಿನವೇ ಮಾಲೀಕರ ಹೆಂಡತಿ ನನ್ನ ಕಿವಿಯ ಹತ್ತಿರ ಬಂದು, "ಬಾಜೂ ಮನಿಯವ್ರು ಭಾಳ ಚಲೋ ಮಂದಿರಿ, ಆದ್ರ..." ಎಂದಿದ್ದಳು. ಆ 'ಆದ್ರ'ದ ಮುಂದಿನದನ್ನು ಆಕೆ ಹೇಳಲಿಲ್ಲ. ಅಕ್ಕೋರ ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟ ನೋಡಿದ್ದೆ, ಉಳಿದದ್ದನ್ನು ನಾನೇ ತುಂಬಿಕೊಂಡೆ. ನಮ್ಮದು ಹಣೆಗೆ ವಿಭೂತಿ ಹಚ್ಚಿ ಸಂಜೆ ವಚನ ಹೇಳುವ ಮನೆ. ಎಲ್ಲರೂ ಒಂದೇ ಎಂದು ಬಾಯಿಪಾಠವಾಗಿತ್ತು. ಆದರೆ ಹಸಿಯ ಕಾಯಿಪಲ್ಯ ಯಾರ ಕೈಯಿಂದಾದರೂ ತೆಗೆದುಕೊಳ್ಳಬಹುದು, ಬೆಂದದ್ದು ಮಾತ್ರ ಕೆಲವರ ಮನೆಯದು ಬೇಡ ಎಂಬುದೂ ಅಷ್ಟೇ ಬಾಯಿಪಾಠವಾಗಿತ್ತು. ಯಾರೂ ಕೂರಿಸಿ ಕಲಿಸಿದ್ದಲ್ಲ, ನೋಡುತ್ತ ಬಂದದ್ದು.

ಅತ್ತೆಯವರು ರಾಯಚೂರಿನಲ್ಲಿದ್ದರು. ನಮ್ಮ ಮನೆಯವರು ಇಂಥದಕ್ಕೆ ತಲೆ ಹಾಕುವವರೇ ಅಲ್ಲ. ನನ್ನನ್ನು ತಡೆಯುವವರು ಯಾರೂ ಇರಲಿಲ್ಲ, ನಾನೇ ನನ್ನನ್ನು ತಡೆದುಕೊಂಡೆ. ಅಕ್ಕೋರು ಚಹಾಕ್ಕೆ ಕರೆದರೆ ಈಗಷ್ಟೇ ಕುಡಿದಿರುತ್ತಿದ್ದೆ. ರೊಟ್ಟಿಗೆ ಕರೆದರೆ ಅಂದು ಸೋಮವಾರ. ಸೋಮವಾರ ಅಲ್ಲದಿದ್ದರೆ ಪ್ರದೋಷ, ಅದೂ ಇಲ್ಲದಿದ್ದರೆ ಹೊಟ್ಟೆನೋವು. ಆ ಎರಡು ವರ್ಷ ನಾನು ಹೇಳಿಕೊಂಡಷ್ಟು ಉಪವಾಸವನ್ನು ಮಠದ ಸ್ವಾಮಿಗಳೂ ಮಾಡಿರಲಿಕ್ಕಿಲ್ಲ. ಅಕ್ಕೋರು ಹೌದಾ ಎಂದು ನಗುತ್ತಿದ್ದರು. ನಂಬಿದರೆಂದೇ ನಾನು ತಿಳಿದಿದ್ದೆ.

ಒಂದು ಸಲ ನನಗೆ ಜ್ವರ ಬಂತು. ಮನೆಯವರು ಕಾಲುವೆಯ ಕೆಲಸದ ಮೇಲೆ ಹೊರಗೆ ಹೋಗಿದ್ದರು, ಸಂಜೆಗೆ ಬರುವವರು. ಅಕ್ಕೋರ ಶಾಲೆಗೆ ಅಂದು ಯಾರೋ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅಂಥ ಗಡಿಬಿಡಿಯಲ್ಲೂ ನಸುಕಿನಲ್ಲಿ ಎದ್ದು ಪುಂಡಿಪಲ್ಯ, ರೊಟ್ಟಿ ಮಾಡಿ, ಸ್ಟೀಲಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟರು.

"ಇವತ್ತ ಒಲಿ ಮುಂದ ನಿಲ್ಲಬ್ಯಾಡವ್ವ. ಬಾಯಿ ಕಹಿ ಆಗಿರ್ತದ, ಇದು ಹುಳಿ ಅದ, ಸೇರ್ತದ. ಉಂಡು ಮಲಕ್ಕೋ."

ಮುಚ್ಚಳ ತೆಗೆದೆ. ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ಜ್ವರದ ಬಾಯಲ್ಲೂ ನೀರು ಬಂತು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ತಿಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ... ಆಮೇಲೆ ಎದ್ದು ಹಿತ್ತಲಿಗೆ ಹೋದೆ, ನುಗ್ಗೆಗಿಡದ ಬುಡದಲ್ಲಿ ಕುರ್ಪಿಯಿಂದ ಗುಂಡಿ ತೋಡಿ ರೊಟ್ಟಿ ಪಲ್ಯ ಎರಡನ್ನೂ ಅದರಲ್ಲಿ ಹಾಕಿ ಮಣ್ಣು ಎಳೆದೆ. ಒಂದು ಬಟ್ಟಲು ಅನ್ನ ಇಟ್ಟುಕೊಳ್ಳಲು ತ್ರಾಣವಿಲ್ಲದವಳಿಗೆ ಗುಂಡಿ ತೋಡುವ ತ್ರಾಣ ಎಲ್ಲಿಂದ ಬಂತೋ ಇಂದಿಗೂ ತಿಳಿದಿಲ್ಲ. ಡಬ್ಬಿ ತೊಳೆದೆ. ಖಾಲಿ ಡಬ್ಬಿ ಮರಳಿಸಬಾರದಲ್ಲ, ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿಟ್ಟೆ. ರೀತಿ ರಿವಾಜು ಬಿಡುವವಳಲ್ಲ ನಾನು!

ಸಂಜೆ ಅಕ್ಕೋರು ಶಾಲೆಯಿಂದ ಮನೆಗೂ ಹೋಗದೆ, ಹೆಗಲಿನ ಬ್ಯಾಗು ಹಾಗೇ ಇರುವಾಗ ಮಗಳ ಕೈಹಿಡಿದು ನೇರ ನಮ್ಮ ಬಾಗಿಲಿಗೆ ಬಂದರು. ಮುಖದಲ್ಲಿ ಏನೋ ಪೇಚಾಟವಿತ್ತು. ಏನೋ ಹೇಳಲು ಬಾಯಿ ತೆರೆದಿದ್ದರು. ನಾನು ಬಿಡಲಿಲ್ಲ, ಡಬ್ಬಿ ಮುಂದೆ ಹಿಡಿದು ಗಡಗಡ ಒಪ್ಪಿಸಿದೆ.

"ಭಾಳ ಚಲೋ ಆಗಿತ್ರೀ ಅಕ್ಕೋರ. ಉಪ್ಪು, ಹುಳಿ, ಖಾರ ಎಲ್ಲಾ ಹದಾ ಇತ್ತು. ಒಂದು ಚೂರೂ ಉಳಿಸಲಿಲ್ಲ ನೋಡ್ರಿ."

ಹುಡುಗಿ ನನ್ನ ಮುಖ ನೋಡಿತು, ಅವ್ವನ ಮುಖ ನೋಡಿತು. "ಯವ್ವಾ, ಉಪ್ಪು ಹಾಕೋದು ಮರ್ತೀನಿ ಅಂದಿದ್ದ್ಯಲ್ಲಬೇ? ನಮ್ಮ ಡಬ್ಬ್ಯಾಗ ಇರಲೇ ಇಲ್ಲ..."

ಅಕ್ಕೋರು ಅವಳ ಕೈಯನ್ನು ಬಿಗಿಯಾಗಿ ಒತ್ತಿದ್ದು ನನಗೆ ಕಂಡಿತು. ಅವರು ಓಡಿ ಬಂದದ್ದೇ ಅದನ್ನು ಹೇಳಲು, ಜ್ವರದವಳಿಗೆ ಸಪ್ಪೆ ಪಲ್ಯ ಕೊಟ್ಟೆನಲ್ಲ ಎಂಬ ಪೇಚಾಟಕ್ಕೆ. ಒಂದು ಗಳಿಗೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಹೇಳಿ ಬಚಾವಾಗುತ್ತಿದ್ದೆನೇನೋ. ಆಮೇಲೆ ಮಗಳ ಕಡೆ ತಿರುಗಿ, "ನಿನ್ನ ನಾಲಿಗಿಗೆ ಹತ್ತಿರಲಿಕ್ಕಿಲ್ಲ, ಸುಮ್ನಿರು" ಎಂದರು. ನನಗೆ, "ಉಂಡ್ಯಲ್ಲ, ಅಷ್ಟ ಸಾಕವ್ವ" ಎಂದು ಡಬ್ಬಿ ತೆಗೆದುಕೊಂಡು ಹೋದರು. ನನ್ನ ಮಾನ ಉಳಿಸಲಿಕ್ಕೆ ಆ ತಾಯಿ ನಿಜ ಹೇಳಿದ ಮಗಳನ್ನು ಸುಳ್ಳು ಮಾಡಿದರು. ನಾನು ಬಾಗಿಲಲ್ಲಿ ನಿಂತೇ ಇದ್ದೆ, ನೆಲ ಬಾಯಿಬಿಡಬಾರದೇ ಅನ್ನಿಸಿತ್ತು.

ಮುಂದಿನ ಭಾನುವಾರ ಕಟ್ಟೆಯ ಮೇಲೆ ಎಂದಿನಂತೆ ಅರ್ಧ ಚೀಲ ಕಾಯಿಪಲ್ಯ ಬಂತು. ಹೀರೇಕಾಯಿ ಸಿಪ್ಪೆಯ ಚಟ್ನಿ ಹೇಗೆ ಮಾಡಬೇಕೆಂದೂ ಹೇಳಿಕೊಟ್ಟರು. ಏನೂ ಬದಲಾಗಿಲ್ಲವೆಂದು ನಾನು ಸಮಾಧಾನ ಪಟ್ಟುಕೊಳ್ಳುತ್ತಿರುವಾಗಲೇ, ಸೌಟು ಮುಂದೆ ಹಿಡಿದರೆ ಅವರು ಅಂಗೈ ಚಾಚಲಿಲ್ಲ. "ಈಗ ಉಂಡು ಬಂದೀನಿ ತಂಗಿ" ಎಂದರು. ನನ್ನದೇ ಮಾತು ಅದು. ಅಲ್ಲಿಂದ ಮುಂದೆ ಅವರ ಮನೆಯಿಂದ ಬೆಂದದ್ದು ಏನೂ ಬರಲಿಲ್ಲ, ಚಹಾಕ್ಕೂ ಕರೆಯಲಿಲ್ಲ. ಹಸಿಯದು ಮಾತ್ರ ತಪ್ಪದೆ ಬಂತು.

ವರ್ಷದೊಳಗೆ ನಮಗೆ ಮಾನ್ವಿಗೆ ವರ್ಗವಾಯಿತು. ಹೊರಡುವ ದಿನ ಅಕ್ಕೋರು ಲಾರಿಯ ಹತ್ತಿರ ನಿಂತು ನನ್ನ ತಲೆ ಸವರಿದರು. ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಲಾರಿಯವ ಹೊತ್ತಾಯ್ತು ಎಂದು ಕೂಗಿದ್ದೇ ನೆಪವಾಯಿತು. ದೇವದುರ್ಗ ಎಷ್ಟು ದೂರ? ಮಾನ್ವಿಯಲ್ಲಿ ಒಂಬತ್ತು ವರ್ಷ ಇದ್ದೆ, ಒಂದು ದಿನ ಬಸ್ಸು ಹತ್ತಲಿಲ್ಲ. ಆಮೇಲೆ ರಾಯಚೂರು. ಇಲ್ಲಿ ನನ್ನ ಪುಂಡಿಪಲ್ಯಕ್ಕೆ ದೊಡ್ಡ ಹೆಸರು, ಸೀಮಂತ ಇರಲಿ ಗೃಹಪ್ರವೇಶ ಇರಲಿ ನನಗೇ ಹೇಳುತ್ತಾರೆ. ಎರಡು ವರ್ಷದ ಹಿಂದೆ ನಾದಿನಿಯ ಮಗಳು ಮೊಬೈಲ್ ಹಿಡಿದು ನಾನು ಮಾಡುವುದನ್ನೆಲ್ಲ ಚಿತ್ರ ತೆಗೆದು, "ಅತ್ತಿ, ಯಾರು ಕಲಿಸಿದ್ದು ಹೇಳು" ಎಂದಳು. ಅವಳ ಮೊಬೈಲಿನ ಮುಂದೆ ನಗುತ್ತ, ನಮ್ಮವ್ವ ಎಂದೆ. ನಮ್ಮವ್ವನ ಪುಂಡಿಪಲ್ಯ ನುಂಗಿದರೆ ಕಣ್ಣು ಮುಚ್ಚಿಹೋಗುವಷ್ಟು ಹುಳಿ ಇರುತ್ತಿತ್ತು, ಪಾಪ.

ಹೋದ ತಿಂಗಳು ಬಿಡಿಸದೆ ಉಳಿದ ಆ ಸೊಪ್ಪಿನ ಮುಂದೆ ಕೂತು ಇದೆಲ್ಲ ನೆನಪಾಗಿ ಸುಮ್ಮನಿರಲು ಆಗಲಿಲ್ಲ. ಒಂದು ಸಲ ಅವರ ಮನೆಯಲ್ಲಿ ಕೂತು ಉಣ್ಣಬೇಕು, ಆ ದಿನ ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು, ಅವರು ಬೈದರೆ ಬೈಸಿಕೊಳ್ಳಬೇಕು ಎಂದು ಮರುದಿನವೇ ಹೊರಟೆ. ದೇವದುರ್ಗದ ಶಾಲೆಯಲ್ಲಿ ಕಚೇರಿಯ ಹುಡುಗನೊಬ್ಬ, ಅಕ್ಕೋರು ನಿವೃತ್ತಿಯಾಗಿ ಮಸರಕಲ್‌ನಲ್ಲೇ ಮನೆ ಮಾಡಿದರು ಎಂದ. ಹೊಸಬ, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಆಟೋ ಹಿಡಿದು ಹೋದೆ. ಬಾಗಿಲು ತೆರೆದವಳು ಆ ಮಗಳು. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ರಜೆಗೆ ಬಂದಿದ್ದಳು. ನನ್ನ ಗುರುತು ಹಿಡಿದು "ಬರ್ರಿ ಆಂಟಿ" ಎಂದಳು. ಅವಳ ಹಿಂದೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಅಕ್ಕೋರ ಫೋಟೋ, ಫೋಟೋಕ್ಕೆ ಹಾರ...

ಎಂಟು ತಿಂಗಳಾಗಿತ್ತು.

ಅವಳು ತೋರಿಸಿದ ಕುರ್ಚಿಯಲ್ಲಿ ಕೂತೆ. ಅವಳು ಯಾರನ್ನೋ ಅಂಗಡಿಗೆ ಕಳಿಸಿದ್ದಳು. ಬಿಗಿ ಮುಚ್ಚಳದ ನೀರಿನ ಬಾಟಲಿ, ಒಡೆಯದ ಬಿಸ್ಕೀಟಿನ ಪುಡಿಕೆ ತಂದು ನನ್ನ ಮುಂದಿಟ್ಟು, "ಇವು ಪ್ಯಾಕ್ ಇದ್ದದ್ದರೀ ಆಂಟಿ, ತಗೋರಿ" ಎಂದಳು. ಚುಚ್ಚುವ ದನಿಯಲ್ಲ, ಮನೆಗೆ ಬಂದವರಿಗೆ ಮುಜುಗರ ಆಗಬಾರದೆಂದು ನೋಡಿಕೊಳ್ಳುವ ದನಿ. ಅವರವ್ವನದೂ ಅದೇ ದನಿ ಇತ್ತು. ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಕೇಳುತ್ತಿತ್ತು.

"ನಿಮ್ಮನ್ಯಾಗ ಉಂಡು ಹೋಗೂಣು ಅಂತ ಬಂದೀನವ್ವ," ಎಂದೆ. "ಅವತ್ತ ನಾ ಸುಳ್ಳು ಹೇಳಿದ್ದೆ. ನಿಮ್ಮವ್ವನ ಪಲ್ಯ ನಾ ತಿಂದಿರಲಿಲ್ಲ."

"ನಮಗ ಗೊತ್ತಿತ್ರಿ ಆಂಟಿ," ಎಂದಳು. ಬಾಟಲಿ, ಬಿಸ್ಕೀಟು ಪಕ್ಕಕ್ಕೆ ಸರಿಸಿ, "ಅವ್ವ ಇದ್ದಾಗ ಬರಬೇಕಿತ್ರಿ ನೀವು" ಎಂದಳು.

ಒಳಗೆ ಹೋಗಿ ತಟ್ಟೆಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಉಳ್ಳಾಗಡ್ಡಿ ತಂದು ಕೊಟ್ಟಳು. ಅವರ ಹೊಲದ ಬದನೆಕಾಯಿ. ಎರಡು ರೊಟ್ಟಿ ಉಂಡೆ. ಪಲ್ಯ ಎಷ್ಟು ರುಚಿಯಾಗಿದೆ ಎಂದು ತುತ್ತು ತುತ್ತಿಗೂ ಗೊತ್ತಾಗುತ್ತಿತ್ತು. ಹೇಗಾಗಿದೆ ಎಂದು ಅವಳು ಕೇಳಲಿಲ್ಲ. ಚಲೋ ಆಗಿದೆ ಎಂದು ಹೇಳಲು ಹೊರಟವಳು ಬಾಯಿ ಮುಚ್ಚಿಕೊಂಡೆ. ಆ ಮನೆಯಲ್ಲಿ ನನ್ನ ಹೊಗಳಿಕೆಯನ್ನು ಯಾರು ತಾನೇ ನಂಬುತ್ತಾರೆ?

ಈಗ ಪುಂಡಿಪಲ್ಯ ಯಾರಿಂದ ಕಲಿತಿರಿ ಎಂದು ಕೇಳಿದವರಿಗೆಲ್ಲ ಪಕ್ಕದ ಮನೆಯ ಅಕ್ಕೋರು ಕಲಿಸಿದ್ದು ಎಂದು ಹೇಳುತ್ತೇನೆ. ಅವರ ಮನೆಯದನ್ನು ನಾನು ಮಣ್ಣು ಮಾಡಿದ್ದನ್ನೂ ಇಲ್ಲಿ ಬರೆದಿದ್ದೇನೆ. ಬರೆಯುವುದಕ್ಕೆ ಅಂಥ ಧೈರ್ಯವೇನೂ ಬೇಕಾಗಲಿಲ್ಲ. ಓದುವ ನೀವು ಯಾರೂ ಅಕ್ಕೋರಲ್ಲ.